ಹೈಡ್ರೋಕಾರ್ಬನ್‌ಗಳ ಕುದಿಬಿಂದು ಮತ್ತು ಅಣುಗಳ ನಡುವಿನ ಸೆಳೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಡ್ರೋಕಾರ್ಬನ್ ಎಂದರೆ ಕಾರ್ಬನ್, ಹೈಡ್ರೋಜನ್ ಎರಡರಿಂದಷ್ಟೇ ಆದ ಸಂಯುಕ್ತ. ಇಲ್ಲಿ ಕೊಟ್ಟಿರುವ ತಾಪಮಾನಗಳೆಲ್ಲ ಡಿಗ್ರಿ ಸೆಲ್ಸಿಯಸ್‌ನಲ್ಲಿವೆ. ಕುದಿಬಿಂದು ಎಂದಲ್ಲೆಲ್ಲ, ಬೇರೆ ಹೇಳದ ಹೊರತು, ಒಂದು ವಾಯುಮಂಡಲ ಒತ್ತಡದಲ್ಲಿನ ಕುದಿಬಿಂದು ಎಂದು ಓದಿಕೊಳ್ಳಿ. ಹೆಚ್ಚಿನವು ಪಿಯುಸಿ ಮತ್ತು ಬಿಎಸ್ಸಿ ವಿದ್ಯಾರ್ಥಿಗಳ ಪ್ರಶ್ನೆಗಳು. ಅಡುಗೆ ಅನಿಲದ ಬಗ್ಗೆ ಮನೆ, ಹೋಟೆಲಿನವರು ಕೇಳುವವೂ ನಡುವೆ ಬರುತ್ತವೆ.

ಹೈಡ್ರೋಕಾರ್ಬನ್ ಕುದಿಯುವಾಗ ಅದರ ಅಣು ಒಡೆಯುತ್ತದೆಯೇ?

ಇಲ್ಲ. ಇದೊಂದು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನ ಅರ್ಧ ಗೊಂದಲ ತಾನಾಗಿ ಕಳೆಯುತ್ತದೆ. ಕುದಿಯುವುದೆಂದರೆ ಅಣುಗಳು ಇಡಿಯಾಗಿಯೇ ಒಂದರಿಂದೊಂದು ಬಿಡಿಸಿಕೊಂಡು ದೂರವಾಗುವುದು. ಅಣುವಿನ ಒಳಗಿನ ಕಾರ್ಬನ್–ಕಾರ್ಬನ್, ಕಾರ್ಬನ್–ಹೈಡ್ರೋಜನ್ ಬಂಧಗಳು ಅಲುಗುವುದಿಲ್ಲ.

ಲೆಕ್ಕ ನೋಡಿ. ಒಂದು ಮೋಲ್ (ನಿಗದಿತ ಸಂಖ್ಯೆಯ ಕಣಗಳ ಗುಂಪು) ಹೆಕ್ಸೇನನ್ನು ಅದರ ಕುದಿಬಿಂದುವಿನಲ್ಲಿ ಆವಿ ಮಾಡಲು ಸುಮಾರು 29 ಕಿಲೋಜೌಲ್ ಸಾಕು. ಒಂದು ಮೋಲ್ ಕಾರ್ಬನ್–ಕಾರ್ಬನ್ ಒಂಟಿ ಬಂಧ ಮುರಿಯಲು ಸುಮಾರು 350 ಕಿಲೋಜೌಲ್ ಬೇಕು. ಹನ್ನೆರಡು ಪಟ್ಟು ಅಂತರ.

ಪಾರದರ್ಶಕ ಪ್ಲಾಸ್ಟಿಕ್ಕಿನ ಸಿಗರೇಟ್ ಲೈಟರ್ ಒಂದನ್ನು ಬೆಳಕಿಗೆ ಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಒಳಗೆ ನೀರಿನಂತೆ ತಿಳಿಯಾದ ದ್ರವ. ಅದು ಮುಖ್ಯವಾಗಿ ಬ್ಯೂಟೇನ್. ಕಿಡಿ ಹೊತ್ತಿಸದೆ ಗುಂಡಿಯನ್ನಷ್ಟೇ ಒತ್ತಿದರೆ ಸುಯ್ಯೆಂದು ಅನಿಲ ಹೊರಬರುತ್ತದೆ, ದ್ರವದಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಕ್ಷಣ ಬ್ಯೂಟೇನ್ ಕುದಿಯುತ್ತಿದೆ, ಅಣು ಮಾತ್ರ ಹಾಗೇ ಇದೆ. ಬೆರಳು ತೆಗೆದರೆ ಒಳಗಿನ ಒತ್ತಡ ಮತ್ತೆ ಏರಿ ಕುದಿತ ನಿಲ್ಲುತ್ತದೆ. ಬಂಧಗಳು ಮುರಿಯುವುದು ಜ್ವಾಲೆಯೊಳಗೆ, ಆಮ್ಲಜನಕ ಸೇರಿದ ಮೇಲೆ.

ಧ್ರುವವೇ ಇಲ್ಲದ ಅಣುಗಳು ಒಂದನ್ನೊಂದು ಸೆಳೆಯುವುದಾದರೂ ಹೇಗೆ?

ಕಾರ್ಬನ್ ಮತ್ತು ಹೈಡ್ರೋಜನ್ ಎರಡೂ ಎಲೆಕ್ಟ್ರಾನುಗಳನ್ನು ಹೆಚ್ಚುಕಡಿಮೆ ಸಮನಾಗಿ ಎಳೆಯುತ್ತವೆ. ಹಾಗಾಗಿ ಹೈಡ್ರೋಕಾರ್ಬನ್ ಅಣುವಿನಲ್ಲಿ ಕಾಯಂ ಆದ ಧನ ತುದಿ, ಋಣ ತುದಿ ಇರುವುದಿಲ್ಲ, ಇದ್ದರೂ ತೀರಾ ಅಲ್ಪ. ಆದರೆ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲುವ ಜಾತಿಯವಲ್ಲ. ಯಾವುದೋ ಒಂದು ಕ್ಷಣದಲ್ಲಿ ಎಲೆಕ್ಟ್ರಾನ್ ಮೋಡ ಅಣುವಿನ ಒಂದು ಬದಿಗೆ ಸ್ವಲ್ಪ ವಾಲಿರುತ್ತದೆ. ಆ ಬದಿ ಚೂರು ಋಣ, ಎದುರು ಬದಿ ಚೂರು ಧನ. ಪಕ್ಕದ ಅಣುವಿನ ಮೋಡವೂ ಅದಕ್ಕೆ ತಕ್ಕಂತೆ ವಾಲುತ್ತದೆ, ಎರಡರ ನಡುವೆ ಸೆಳೆತ ಹುಟ್ಟುತ್ತದೆ. ಮರುಕ್ಷಣ ಮೋಡ ಇನ್ನೊಂದು ಕಡೆಗೆ ವಾಲಿದರೆ ಪಕ್ಕದ್ದೂ ಜೊತೆಯಲ್ಲೇ ವಾಲುತ್ತದೆ. ಹೀಗಾಗಿ ಸರಾಸರಿಯಲ್ಲಿ ಉಳಿಯುವುದು ಸೆಳೆತವೇ.

ಇದಕ್ಕೆ ಲಂಡನ್ ಪ್ರಸರಣ ಬಲ ಎಂದು ಹೆಸರು. ಲಂಡನ್ ಇಲ್ಲಿ ಊರಿನ ಹೆಸರಲ್ಲ. ಫ್ರಿಟ್ಸ್ ಲಂಡನ್ ಎಂಬ ಭೌತವಿಜ್ಞಾನಿ 1930ರಲ್ಲಿ ಕ್ವಾಂಟಮ್ ಸಿದ್ಧಾಂತದಿಂದ ಇದನ್ನು ವಿವರಿಸಿದರು. ಅಣುಗಳ ನಡುವೆ ಸೆಳೆತವಿದೆ ಎಂಬುದನ್ನು ಅದಕ್ಕೂ ಬಹಳ ಮೊದಲೇ, 1873ರಲ್ಲಿ, ಡಚ್ ಭೌತವಿಜ್ಞಾನಿ ವ್ಯಾಂಡರ್ ವಾಲ್ಸ್ ತಮ್ಮ ಪ್ರಬಂಧದಲ್ಲಿ ಲೆಕ್ಕಕ್ಕೆ ತಂದಿದ್ದರು. ವ್ಯಾಂಡರ್ ವಾಲ್ಸ್ ಬಲಗಳು ಎನ್ನುವುದು ಇಡೀ ಗುಂಪಿನ ಹೆಸರು, ಲಂಡನ್ ಬಲ ಅದರೊಳಗಿನ ಒಂದು ಬಗೆ.

ಈ ಸೆಳೆತ ದೂರಕ್ಕೆ ಬಹಳ ಸೂಕ್ಷ್ಮ. ದೂರ ಎರಡು ಪಟ್ಟಾದರೆ ಸೆಳೆತದ ಶಕ್ತಿ ಅರವತ್ತನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅಣುಗಳು ಮೈಗೆ ಮೈ ತಾಗಿಸಿಕೊಂಡು ಮಲಗಿದಾಗ ಮಾತ್ರ ಇದಕ್ಕೆ ಬೆಲೆ. ಕವಲೊಡೆದ ಅಣುಗಳ ಪ್ರಶ್ನೆಗೆ ಬಂದಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಒಂದೊಂದು ಕಾರ್ಬನ್ ಸೇರಿದಂತೆ ಕುದಿಬಿಂದು ಎಷ್ಟೆಷ್ಟು ಏರುತ್ತದೆ?

ನೇರ ಸರಪಳಿಯ ಆಲ್ಕೇನುಗಳ (ಒಂಟಿ ಬಂಧಗಳಷ್ಟೇ ಇರುವ ಹೈಡ್ರೋಕಾರ್ಬನ್‌ಗಳ) ಕುದಿಬಿಂದುಗಳು ಹೀಗಿವೆ:

ಮೀಥೇನ್ −161.5
ಈಥೇನ್ −88.6
ಪ್ರೊಪೇನ್ −42.1
ಬ್ಯೂಟೇನ್ −0.5
ಪೆಂಟೇನ್ 36.1
ಹೆಕ್ಸೇನ್ 68.7
ಹೆಪ್ಟೇನ್ 98.4
ಆಕ್ಟೇನ್ 125.7
ನೋನೇನ್ 150.8
ಡೆಕೇನ್ 174.1

“ಪ್ರತಿ ಕಾರ್ಬನ್ನಿಗೆ 20ರಿಂದ 30 ಡಿಗ್ರಿ” ಎಂದು ಕೆಲವು ಪುಸ್ತಕಗಳಲ್ಲಿ ಇರುತ್ತದೆ. ಮೇಲಿನ ಪಟ್ಟಿಯಲ್ಲಿ ಕಳೆದು ನೋಡಿ: ಮೀಥೇನಿನಿಂದ ಈಥೇನಿಗೆ 73 ಡಿಗ್ರಿ, ಈಥೇನಿನಿಂದ ಪ್ರೊಪೇನಿಗೆ 46, ಬ್ಯೂಟೇನಿನಿಂದ ಪೆಂಟೇನಿಗೆ 37, ನೋನೇನಿನಿಂದ ಡೆಕೇನಿಗೆ 23. ಆ ಸೂತ್ರ ಹೆಕ್ಸೇನ್ ದಾಟಿದ ಮೇಲಷ್ಟೇ ಹೊಂದುತ್ತದೆ. ಸಣ್ಣ ಅಣುಗಳಿಗೆ ಹಚ್ಚಿದರೆ ಉತ್ತರ ಪೂರಾ ತಪ್ಪುತ್ತದೆ.

ಏರಿಕೆ ಏಕೆ ಕುಗ್ಗುತ್ತಾ ಹೋಗುತ್ತದೆ? ಸೇರುವ ತುಂಡು ಪ್ರತಿ ಸಲವೂ ಒಂದೇ: ಒಂದು ಕಾರ್ಬನ್, ಎರಡು ಹೈಡ್ರೋಜನ್. ಅದು ತರುವ ಹೆಚ್ಚಿನ ಸೆಳೆತ, ಪ್ರೊಪೇನಿನಿಂದ ಆಚೆಗೆ, ಮೋಲಿಗೆ ಸುಮಾರು 3 ಕಿಲೋಜೌಲ್. ಆದರೆ ಒಂದು ಇದ್ದಲ್ಲಿ ಇನ್ನೊಂದು ಸೇರಿದರೆ ಬಂಡವಾಳ ದುಪ್ಪಟ್ಟಾದ ಹಾಗೆ. ಒಂಬತ್ತು ಇದ್ದಲ್ಲಿ ಇನ್ನೊಂದು ಸೇರಿದರೆ ಒಂಬತ್ತನೇ ಒಂದು ಪಾಲಷ್ಟೇ ಹೆಚ್ಚು. ಇದರ ಜೊತೆಗೆ, ಉದ್ದ ಸರಪಳಿ ಆವಿಯಾದಾಗ ಬಳುಕಲು, ಮಡಚಿಕೊಳ್ಳಲು ಹೆಚ್ಚು ಸ್ವಾತಂತ್ರ್ಯ ಪಡೆಯುತ್ತದೆ. ಎಂಟ್ರೊಪಿಯ, ಅಂದರೆ ಈ ಸ್ವಾತಂತ್ರ್ಯದ, ಲಾಭ ಆವಿಯ ಪರವಾಗಿ ತೂಗಿ ಕುದಿಬಿಂದುವನ್ನು ತುಸು ಕೆಳಗೆ ಜಗ್ಗುತ್ತದೆ.

ಅಂದರೆ ಅಣು ಭಾರವಾದಷ್ಟೂ ಕುದಿಬಿಂದು ಹೆಚ್ಚು, ಅಷ್ಟೇ ಅಲ್ಲವೇ?

ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ಭಾರ ಕುದಿಬಿಂದುವಿನ ಜೊತೆಜೊತೆಗೆ ಏರುತ್ತದೆ, ನಿಜ. ಆದರೆ ಕಾರಣ ಅದಲ್ಲ. ಭಾರವಾದ ಅಣುವಿನಲ್ಲಿ ಎಲೆಕ್ಟ್ರಾನುಗಳೂ ಹೆಚ್ಚು, ಮೈಯೂ ಅಗಲ. ಸೆಳೆತ ಬರುವುದು ಇವೆರಡರಿಂದ.

ಭಾರವನ್ನು ಬೇರ್ಪಡಿಸಿ ಪರೀಕ್ಷಿಸಲು ಮೂರು ದಾರಿಗಳಿವೆ. ಮೊದಲನೆಯದು, ಬೆಂಜೀನಿನ ಆರೂ ಹೈಡ್ರೋಜನ್‌ಗಳ ಜಾಗದಲ್ಲಿ ಹೈಡ್ರೋಜನ್ನಿನದೇ ಭಾರ ರೂಪವಾದ ಡ್ಯೂಟೀರಿಯಂ ಇಡುವುದು. ಅಣುತೂಕ 78ರಿಂದ 84ಕ್ಕೆ ಏರುತ್ತದೆ, ಕುದಿಬಿಂದು 80.1ರಿಂದ ಸುಮಾರು 79ಕ್ಕೆ ಇಳಿಯುತ್ತದೆ! ಎರಡನೆಯದು, ಹೆಕ್ಸೇನಿನ ಹೈಡ್ರೋಜನ್‌ಗಳನ್ನೆಲ್ಲ ತೆಗೆದು ಫ್ಲೋರಿನ್ ಕೂರಿಸುವುದು. ಅಣುತೂಕ 86ರಿಂದ 338ಕ್ಕೆ ಜಿಗಿಯುತ್ತದೆ. ಕುದಿಬಿಂದು ಏರಬೇಕಿತ್ತು, ಅದು 68.7ರಿಂದ ಸುಮಾರು 57ಕ್ಕೆ ಬೀಳುತ್ತದೆ. ಫ್ಲೋರಿನ್ ತನ್ನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಮೋಡ ಸುಲಭವಾಗಿ ವಾಲುವುದಿಲ್ಲ. ಮೋಡ ವಾಲದಿದ್ದರೆ ಲಂಡನ್ ಬಲವೂ ಸೊರಗುತ್ತದೆ. ಮೂರನೆಯ ದಾರಿ ಸಮಾಂಗಿಗಳದು, ಅಂದರೆ ಅಣುಸೂತ್ರ ಒಂದೇ ಇದ್ದು ಜೋಡಣೆ ಬೇರೆಯಾದ ಅಣುಗಳದು. ಅದಕ್ಕೆ ಬೇರೆಯೇ ಪ್ರಶ್ನೆ ಬೇಕು.

ಮೂರು ಪೆಂಟೇನುಗಳಿಗೆ ಅಣುಸೂತ್ರ ಒಂದೇ. ಕುದಿಬಿಂದು ಏಕೆ ಬೇರೆ ಬೇರೆ?

ನೇರ ಪೆಂಟೇನ್ 36.1, ಒಂದು ಕವಲಿನ ಐಸೊಪೆಂಟೇನ್ 27.8, ನಡುವಿನ ಕಾರ್ಬನ್ನಿನ ಸುತ್ತ ನಾಲ್ಕು ಮೀಥೈಲ್ ಗುಂಪುಗಳಿರುವ ನಿಯೊಪೆಂಟೇನ್ 9.5. ಮೂರಕ್ಕೂ ಅಣುತೂಕ 72, ಎಲೆಕ್ಟ್ರಾನ್ 42. ಸಮುದ್ರಮಟ್ಟದ ಊರಿನಲ್ಲಿ, 25 ಡಿಗ್ರಿಯ ಕೋಣೆಯಲ್ಲಿ, ಮೊದಲಿನೆರಡು ದ್ರವ, ಮೂರನೆಯದು ಅನಿಲ.

ಉದ್ದುದ್ದ ಕಡ್ಡಿಗಳ ಸೌದೆ ಹೊರೆಯನ್ನು ನೆನೆಯಿರಿ. ಕಡ್ಡಿಗೆ ಕಡ್ಡಿ ಉದ್ದಕ್ಕೂ ತಾಗಿಕೊಂಡಿರುತ್ತದೆ. ನಿಂಬೆಹಣ್ಣಿನ ರಾಶಿಯಲ್ಲಿ ಒಂದು ಹಣ್ಣು ಇನ್ನೊಂದಕ್ಕೆ ತಾಗುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ನೇರ ಪೆಂಟೇನ್ ಕಡ್ಡಿ, ನಿಯೊಪೆಂಟೇನ್ ನಿಂಬೆಹಣ್ಣು. ಸೆಳೆತ ಮೈ ತಾಗಿದಲ್ಲಿ ಮಾತ್ರ ಬಲವಾಗಿರುವುದರಿಂದ ಗುಂಡಾದ ಅಣು ಬೇಗ ಬಿಡಿಸಿಕೊಳ್ಳುತ್ತದೆ. ಇನ್ನೂ ಒಂದು ಸಂಗತಿ: ನಿಯೊಪೆಂಟೇನಿನ ನಡುವಿನ ಕಾರ್ಬನ್ ನಾಲ್ಕು ಕಡೆಯಿಂದಲೂ ಮುಚ್ಚಿಹೋಗಿದೆ. ನೆರೆಯ ಅಣುಗಳು ಅದರ ಹತ್ತಿರಕ್ಕೆ ಬರಲಾರವು, ಅದರ ಎಲೆಕ್ಟ್ರಾನುಗಳು ಸೆಳೆತದ ಲೆಕ್ಕಕ್ಕೆ ಸರಿಯಾಗಿ ಸೇರುವುದೇ ಇಲ್ಲ.

ಹೆಕ್ಸೇನಿನ ಐದು ಸಮಾಂಗಿಗಳನ್ನು ಕ್ರಮವಾಗಿ ಬರೆಯುವುದು ಹೇಗೆ?

ಏರುಕ್ರಮದಲ್ಲಿ: 2,2-ಡೈಮೀಥೈಲ್‌ಬ್ಯೂಟೇನ್ 49.7, 2,3-ಡೈಮೀಥೈಲ್‌ಬ್ಯೂಟೇನ್ 58.0, 2-ಮೀಥೈಲ್‌ಪೆಂಟೇನ್ 60.3, 3-ಮೀಥೈಲ್‌ಪೆಂಟೇನ್ 63.3, ನೇರ ಹೆಕ್ಸೇನ್ 68.7.

ಮೊದಲು ಕವಲುಗಳನ್ನು ಎಣಿಸಿ: ಎರಡು ಕವಲು ಕೆಳಗೆ, ಒಂದು ಕವಲು ನಡುವೆ, ಕವಲಿಲ್ಲದ್ದು ಮೇಲೆ. ಎರಡು ಕವಲುಗಳಿದ್ದರೆ ಅವೆರಡೂ ಒಂದೇ ಕಾರ್ಬನ್ನಿನ ಮೇಲಿವೆಯೇ ನೋಡಿ. ಹಾಗಿದ್ದರೆ ಅಣು ಹೆಚ್ಚು ಗುಂಡಾಗಿ ಕುದಿಬಿಂದು ಇನ್ನೂ ಇಳಿಯುತ್ತದೆ. 49.7 ಮತ್ತು 58.0ರ ನಡುವಿನ ದೊಡ್ಡ ಅಂತರ ಅದರಿಂದಲೇ. 2-ಮೀಥೈಲ್ ಮತ್ತು 3-ಮೀಥೈಲ್ ನಡುವಿನ ಮೂರು ಡಿಗ್ರಿಯನ್ನು ಕವಲೆಣಿಕೆಯಿಂದ ಹೇಳಲು ಬರುವುದಿಲ್ಲ. ಅದನ್ನು ಅಂಕಿಯಾಗಿಯೇ ನೆನಪಿಡುವುದು ಲೇಸು, ಸುಳ್ಳು ಕಾರಣ ಕಟ್ಟುವುದು ಬೇಡ.

ಕವಲಿನಿಂದ ಕುದಿಬಿಂದು ಇಳಿಯುವುದಕ್ಕೂ ಪೆಟ್ರೋಲಿನ ಆಕ್ಟೇನ್ ಸಂಖ್ಯೆಗೂ ಸಂಬಂಧವಿದೆಯೇ?

ಆಕ್ಟೇನ್ ಸಂಖ್ಯೆ ಎಂದರೆ ಇಂಧನ ಎಂಜಿನ್ನಿನಲ್ಲಿ ಅಕಾಲದಲ್ಲಿ ಹೊತ್ತಿ ಬಡಿಯುವುದನ್ನು ಎಷ್ಟು ತಡೆಯುತ್ತದೆ ಎಂಬುದರ ಅಂಕ. ಕವಲು ಎರಡನ್ನೂ ಬದಲಿಸುತ್ತದೆ, ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಆಕ್ಟೇನ್ ಅಳತೆಗೋಲಿನ ಎರಡು ತುದಿಗಳೇ ಇದಕ್ಕೆ ಸಾಕ್ಷಿ. ಸೊನ್ನೆ ಅಂಕದ ಹೆಪ್ಟೇನ್ 98.4ರಲ್ಲಿ ಕುದಿಯುತ್ತದೆ, ನೂರು ಅಂಕದ ಐಸೊಆಕ್ಟೇನ್ 99.2ರಲ್ಲಿ. ಕುದಿಬಿಂದು ಬಹುತೇಕ ಒಂದೇ. ಎಂಜಿನ್ನಿನಲ್ಲಿ ಒಂದು ಬಡಿಯುತ್ತದೆ, ಇನ್ನೊಂದು ಬಡಿಯುವುದಿಲ್ಲ.

ಕರಗುವ ಬಿಂದುವೂ ಇದೇ ಕ್ರಮದಲ್ಲಿ ಹೋಗುತ್ತದೆಯೇ?

ಹೋಗುವುದಿಲ್ಲ. ಇಲ್ಲಿ ಎಡವುವವರು ಬಹಳ. ಕುದಿಯುವಾಗ ಅಣುಗಳು ದ್ರವದ ಗಜಿಬಿಜಿಯಿಂದ ಬಿಡಿಸಿಕೊಳ್ಳುತ್ತವೆ, ಕರಗುವಾಗ ಹರಳಿನ ಅಚ್ಚುಕಟ್ಟಾದ ಜೋಡಣೆಯಿಂದ. ಹರಳಿನಲ್ಲಿ ಯಾವುದು ಚೆನ್ನಾಗಿ ಅಡಕವಾಗುತ್ತದೆ ಎಂಬುದು ಅಣುವಿನ ಸಮ್ಮಿತಿಗೆ ಬಿಟ್ಟದ್ದು. ನೇರ ಪೆಂಟೇನ್ ಸುಮಾರು −130ರಲ್ಲಿ ಕರಗುತ್ತದೆ, ಮೂರರಲ್ಲಿ ಎಲ್ಲಕ್ಕಿಂತ ಬೇಗ ಕುದಿಯುವ ನಿಯೊಪೆಂಟೇನ್ ಮಾತ್ರ ಸುಮಾರು −17ರಲ್ಲಿ. ಅದು ದ್ರವವಾಗಿ ಉಳಿಯುವುದು ಬರೀ 26 ಡಿಗ್ರಿಯ ಇಕ್ಕಟ್ಟಿನಲ್ಲಿ. ಚೆಂಡಿನಂತಹ 2,2,3,3-ಟೆಟ್ರಾಮೀಥೈಲ್‌ಬ್ಯೂಟೇನ್ ಇನ್ನೂ ವಿಚಿತ್ರ: ಸುಮಾರು 101ರಲ್ಲಿ ಕರಗಿ 106ರ ಸುಮಾರಿಗೆ ಕುದಿದುಬಿಡುತ್ತದೆ.

ಈ ವ್ಯತ್ಯಾಸದಿಂದ ಕಾರ್ಖಾನೆಗಳಿಗೆ ಉಪಯೋಗವೂ ಇದೆ. ಸಮಾಂಗಿಗಳಾದ ಪ್ಯಾರಾ ಕ್ಸೈಲೀನ್ 138.4ರಲ್ಲಿ, ಮೆಟಾ ಕ್ಸೈಲೀನ್ 139.1ರಲ್ಲಿ ಕುದಿಯುತ್ತವೆ. ಒಂದು ಡಿಗ್ರಿಗೂ ಕಡಿಮೆ ಅಂತರವಿರುವುದರಿಂದ ಬಟ್ಟಿ ಇಳಿಸಿ ಬೇರ್ಪಡಿಸುವುದು ಆಗದ ಮಾತು. ಕರಗುವ ಬಿಂದುಗಳು ಮಾತ್ರ 13 ಮತ್ತು −48. ಮಿಶ್ರಣವನ್ನು ತಣಿಸಿದರೆ ಪ್ಯಾರಾ ಹರಳುಗಟ್ಟುತ್ತದೆ, ಮೆಟಾ ದ್ರವವಾಗಿಯೇ ಉಳಿಯುತ್ತದೆ.

ಉಂಗುರದ ಹೈಡ್ರೋಕಾರ್ಬನ್‌ಗಳು ಏಕೆ ಹೆಚ್ಚು ತಾಪದಲ್ಲಿ ಕುದಿಯುತ್ತವೆ?

ಹೆಕ್ಸೇನ್ 68.7, ಸೈಕ್ಲೊಹೆಕ್ಸೇನ್ 80.7. ಪೆಂಟೇನ್ 36.1, ಸೈಕ್ಲೊಪೆಂಟೇನ್ 49.3. ಉಂಗುರದಲ್ಲಿ ಎರಡು ಹೈಡ್ರೋಜನ್ ಕಡಿಮೆಯಿದ್ದರೂ ಕುದಿಬಿಂದು ಹನ್ನೆರಡು–ಹದಿಮೂರು ಡಿಗ್ರಿ ಹೆಚ್ಚು. ತೆರೆದ ಸರಪಳಿ ಬಳುಕುತ್ತಾ ಒದ್ದಾಡುತ್ತಿರುತ್ತದೆ. ಉಂಗುರ ಬಿಗಿ, ಅಣುಗಳು ಹತ್ತಿರ ಹತ್ತಿರ ಅಡಕವಾಗುತ್ತವೆ. ಸೈಕ್ಲೊಹೆಕ್ಸೇನ್ ದ್ರವ ಹೆಕ್ಸೇನಿಗಿಂತ ಸಾಂದ್ರವಾಗಿರುವುದೂ ಇದಕ್ಕೇ. ಆವಿಯಾದಾಗ ಸರಪಳಿಗೆ ಸಿಗುವ ಬಳುಕುವ ಸ್ವಾತಂತ್ರ್ಯವೂ ಉಂಗುರಕ್ಕೆ ಸಿಗುವುದಿಲ್ಲ.

ಬೆಂಜೀನ್ 80.1ರಲ್ಲಿ ಕುದಿಯುತ್ತದೆ, ಸೈಕ್ಲೊಹೆಕ್ಸೇನಿಗೆ ಅಂಟಿಕೊಂಡಂತೆ. ಇವೆರಡನ್ನು ಬೆರೆಸಿ ಬಟ್ಟಿ ಇಳಿಸಲು ಹೊರಟರೆ ಸುಮಾರು 77.5ರಲ್ಲಿ ಎರಡೂ ಒಟ್ಟಿಗೇ, ಹೆಚ್ಚುಕಡಿಮೆ ಸಮಪಾಲಿನಲ್ಲಿ, ಹೊರಬರುತ್ತವೆ. ಬಟ್ಟಿ ಇಳಿಸುವ ಕಂಬವನ್ನು ಎಷ್ಟು ಎತ್ತರ ಮಾಡಿದರೂ ಎರಡೂ ಶುದ್ಧವಾಗಿ ಸಿಗುವುದಿಲ್ಲ; ಮೂರನೆಯ ದ್ರಾವಕವೊಂದನ್ನು ಸೇರಿಸಬೇಕಾಗುತ್ತದೆ.

ಜೋಡಿ ಬಂಧವಿರುವ ಆಲ್ಕೀನುಗಳದು?

ಅದೇ ಕಾರ್ಬನ್ ಎಣಿಕೆಯ ಆಲ್ಕೇನಿಗಿಂತ ಸಾಮಾನ್ಯವಾಗಿ ತುಸು ಕೆಳಗೆ: ಎಥಿಲೀನ್ −103.7, ಪ್ರೊಪೀನ್ −47.6, 1-ಬ್ಯೂಟೀನ್ −6.3. ಎಲೆಕ್ಟ್ರಾನ್ ಎರಡು ಕಡಿಮೆ, ಸೆಳೆತವೂ ಕಡಿಮೆ. 2-ಬ್ಯೂಟೀನಿನ ಸಿಸ್ ರೂಪ 3.7ರಲ್ಲಿ, ಟ್ರಾನ್ಸ್ ರೂಪ 0.9ರಲ್ಲಿ ಕುದಿಯುತ್ತವೆ. ಸಿಸ್ ರೂಪದಲ್ಲಿ ಮೀಥೈಲ್ ಗುಂಪುಗಳೆರಡೂ ಒಂದೇ ಬದಿಗಿದ್ದು ಪುಟ್ಟದೊಂದು ಕಾಯಂ ದ್ವಿಧ್ರುವ (ಒಂದು ತುದಿ ಚೂರು ಧನ, ಇನ್ನೊಂದು ಚೂರು ಋಣ) ಉಳಿಯುತ್ತದೆ. ಟ್ರಾನ್ಸ್ ರೂಪದಲ್ಲಿ ಅವು ಎದುರುಬದುರಾಗಿ ಪರಸ್ಪರ ರದ್ದಾಗುತ್ತವೆ. ಹೈಡ್ರೋಕಾರ್ಬನ್‌ಗಳಲ್ಲಿ ಲಂಡನ್ ಬಲ ಬಿಟ್ಟು ಬೇರೆ ಸೆಳೆತ ಕಣ್ಣಿಗೆ ಬೀಳುವ ಕೆಲವೇ ಜಾಗಗಳಲ್ಲಿ ಇದೊಂದು.

ಮೀಥೇನಿನಲ್ಲಿ ನಾಲ್ಕು ಹೈಡ್ರೋಜನ್ ಇವೆಯಲ್ಲ, ಹೈಡ್ರೋಜನ್ ಬಂಧ ಏಕಿಲ್ಲ?

ಹೈಡ್ರೋಜನ್ ಬಂಧ ಎಂದರೆ ಒಂದು ಅಣುವಿನ ಹೈಡ್ರೋಜನ್ನಿಗೂ ಪಕ್ಕದ ಅಣುವಿನ ಪರಮಾಣುವಿಗೂ ನಡುವಿನ ಬಲವಾದ ಸೆಳೆತ. ಹೈಡ್ರೋಜನ್ ಇದ್ದ ಮಾತ್ರಕ್ಕೆ ಅದು ಆಗುವುದಿಲ್ಲ. ಆ ಹೈಡ್ರೋಜನ್ ಆಮ್ಲಜನಕ, ಸಾರಜನಕ ಅಥವಾ ಫ್ಲೋರಿನ್‌ನಂತಹ, ಎಲೆಕ್ಟ್ರಾನನ್ನು ಬಲವಾಗಿ ಕಸಿಯುವ ಪರಮಾಣುವಿಗೆ ಅಂಟಿರಬೇಕು. ಕಾರ್ಬನ್ ಅಷ್ಟು ಕಸಿಯುವುದಿಲ್ಲ. ಪ್ರೊಪೇನ್ (ಅಣುತೂಕ 44) −42ರಲ್ಲಿ ಕುದಿದರೆ ಎಥನಾಲ್ (46) 78ರಲ್ಲಿ ಕುದಿಯುತ್ತದೆ. ಆ 120 ಡಿಗ್ರಿ ಬಹುಪಾಲು ಹೈಡ್ರೋಜನ್ ಬಂಧದ ಕೊಡುಗೆ.

ಪ್ರಯೋಗಾಲಯದಲ್ಲಿ ಕುದಿಬಿಂದು ಅಳೆಯುವುದು ಹೇಗೆ? ನಮ್ಮ ಅಳತೆ ಪುಸ್ತಕದ ಅಂಕಿಗೆ ಏಕೆ ಹೊಂದುವುದಿಲ್ಲ?

ಕೆಲವೇ ಹನಿ ದ್ರವವಿದ್ದರೆ ಸಿವೊಲೊಬಾಫ್ ವಿಧಾನ ಸಾಕು. ಮಾದರಿಗೆ ಸೈಕ್ಲೊಹೆಕ್ಸೇನ್ ಒಳ್ಳೆಯದು. ನೇರ ಹೆಕ್ಸೇನಿನ ಆವಿಯನ್ನು ದಿನವೂ ಉಸಿರಾಡಿದರೆ ಕೈಕಾಲಿನ ನರಗಳಿಗೆ ಹಾನಿಯಾಗುತ್ತದೆ, ಹಾಗಾಗಿ ತರಗತಿಗೆ ಅದು ಬೇಡ.

ನಾಲ್ಕೈದು ಮಿಲಿಮೀಟರ್ ಅಗಲದ ಸಣ್ಣ ಗಾಜಿನ ನಳಿಕೆಗೆ ಅರ್ಧ ಮಿಲಿಲೀಟರ್ ದ್ರವ ಹಾಕಿ. ಒಂದು ತುದಿ ಮುಚ್ಚಿದ ಕ್ಯಾಪಿಲರಿಯನ್ನು (ತೀರಾ ಸಪೂರ ಗಾಜಿನ ಕೊಳವೆ), ತೆರೆದ ತುದಿ ಕೆಳಗಿರುವಂತೆ, ಅದರೊಳಗೆ ಇಳಿಬಿಡಿ. ನಳಿಕೆಯನ್ನು ರಬ್ಬರ್ ಉಂಗುರದಿಂದ ಥರ್ಮಾಮೀಟರಿಗೆ ಕಟ್ಟಿ. ದ್ರವವಿರುವ ಭಾಗ ಥರ್ಮಾಮೀಟರಿನ ಬುರುಡೆಗೆ ಸರಿಸಮವಾಗಿರಲಿ, ರಬ್ಬರ್ ಉಂಗುರ ನೀರಿನ ಮಟ್ಟಕ್ಕಿಂತ ಮೇಲಿರಲಿ. ಇದನ್ನು ನೀರಿನ ಬೀಕರಿನಲ್ಲಿ ಇಳಿಸಿ ಹಾಟ್‌ಪ್ಲೇಟಿನ ಮೇಲೆ ನಿಧಾನವಾಗಿ ಕಾಯಿಸಿ. ಹತ್ತಿರದಲ್ಲಿ ಬೆಂಕಿ ಇರಕೂಡದು. ಸೈಕ್ಲೊಹೆಕ್ಸೇನಿನ ಆವಿ ಗಾಳಿಗಿಂತ ಭಾರ, ಮೇಜಿನುದ್ದಕ್ಕೂ ಹರಿದು ದೂರದ ಬರ್ನರ್‌ಗೂ ತಲುಪುತ್ತದೆ.

ಮೊದಲು ಕ್ಯಾಪಿಲರಿಯಿಂದ ಒಂದೊಂದೇ ಗುಳ್ಳೆ ಬರುತ್ತದೆ. ಅದು ಒಳಗಿದ್ದ ಗಾಳಿ, ಲೆಕ್ಕಕ್ಕಿಲ್ಲ. ಆಮೇಲೆ ಮಣಿಸರದ ಹಾಗೆ ಎಡೆಬಿಡದೆ ಗುಳ್ಳೆಗಳು ಬಂದಾಗ ಕಾಯಿಸುವುದನ್ನು ನಿಲ್ಲಿಸಿ. ಗುಳ್ಳೆಗಳು ನಿಧಾನವಾಗಿ, ನಿಂತು, ದ್ರವ ಕ್ಯಾಪಿಲರಿಯೊಳಗೆ ಏರತೊಡಗುವ ಆ ಗಳಿಗೆಯ ತಾಪಮಾನವೇ ಕುದಿಬಿಂದು. ಆಗ ಒಳಗಿನ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸರಿಯಾಗಿ ಸಮ. ಗುಳ್ಳೆಗಳ ಭರಾಟೆಯಲ್ಲಿ ಓದಿದ ಅಂಕಿ ಯಾವಾಗಲೂ ಹೆಚ್ಚು ತೋರಿಸುತ್ತದೆ. ಒಮ್ಮೆ ದ್ರವ ತುಂಬಿದ ಕ್ಯಾಪಿಲರಿ ಮತ್ತೆ ಬಾರದು, ಹೊಸದನ್ನು ಹಾಕಿ.

ಇನ್ನು ಪುಸ್ತಕಕ್ಕೆ ಹೊಂದದಿರುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ನೂರಕ್ಕೆ ಹತ್ತು ಪಾಲು ಕಡಿಮೆ. ನೀರೇ ಅಲ್ಲಿ 97ರ ಸುಮಾರಿಗೆ ಕುದಿಯುತ್ತದೆ. ಸೈಕ್ಲೊಹೆಕ್ಸೇನ್ 77ರ ಆಸುಪಾಸು, ಹೆಕ್ಸೇನ್ 65ರ ಆಸುಪಾಸು ಬರಬೇಕು. 77 ಬಂದ ವಿದ್ಯಾರ್ಥಿ ಸರಿಯಾಗಿ ಅಳೆದಿದ್ದಾನೆ, ಬೆಂಗಳೂರಿನಲ್ಲಿ 80.7 ಎಂದು ಬರೆದುಕೊಟ್ಟವನ ದಾಖಲೆ ಪುಸ್ತಕವನ್ನು ಇನ್ನೊಮ್ಮೆ ನೋಡಬೇಕು. ದೊಡ್ಡ ಪ್ರಮಾಣದಲ್ಲಿ ಬಟ್ಟಿ ಇಳಿಸುವಾಗ ಬೇರೆ ತಪ್ಪುಗಳೂ ಆಗುತ್ತವೆ. ಥರ್ಮಾಮೀಟರಿನ ಬುರುಡೆ ಆವಿ ಹೊರಹೋಗುವ ಪಕ್ಕದ ಕೊಳವೆಗಿಂತ ಮೇಲಿದ್ದರೆ ಅಂಕಿ ಕಡಿಮೆ ಬರುತ್ತದೆ. ಒಡೆದ ಪಿಂಗಾಣಿಯ ಒಂದೆರಡು ಚೂರು ಹಾಕದಿದ್ದರೆ ದ್ರವ ಕುದಿಯದೆ ಮಿತಿಮೀರಿ ಕಾದು ಒಮ್ಮೆಗೇ ಉಕ್ಕುತ್ತದೆ. ಚೂರುಗಳನ್ನು ತಣ್ಣಗಿರುವಾಗಲೇ ಹಾಕಬೇಕು. ಕಾದ ದ್ರವಕ್ಕೆ ಹಾಕಿದರೆ ಆ ಕ್ಷಣವೇ ಉಕ್ಕಿ ಕೈಮೇಲೆ ಬರುತ್ತದೆ.

ಅಡುಗೆ ಅನಿಲ ಸಿಲಿಂಡರಿನಲ್ಲಿ ದ್ರವವಾಗಿ ಇರುವುದು ಹೇಗೆ? ಹೋಟೆಲಿನ ಸಿಲಿಂಡರಿನ ಮೇಲೆ ಮಂಜು ಏಕೆ ಕಟ್ಟುತ್ತದೆ?

ಎಲ್‌ಪಿಜಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಈ ಅಣುಗಳ ನಡುವಿನ ಸೆಳೆತ ನಮ್ಮ ಹವೆಯಲ್ಲಿ ಅವನ್ನು ತಾನಾಗಿ ದ್ರವವಾಗಿ ಹಿಡಿದಿಡುವಷ್ಟಿಲ್ಲ, ಆದರೆ ಕೆಲವು ವಾಯುಮಂಡಲದ ಒತ್ತಡದಲ್ಲಿ ಹತ್ತಿರ ತಂದರೆ ಹಿಡಿದಿಡುತ್ತದೆ. 14.2 ಕೆ.ಜಿ.ಯ ಮನೆ ಸಿಲಿಂಡರಿನಲ್ಲಿ ದ್ರವ ಸುಮಾರು ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಇರುತ್ತದೆ. ಬಿಸಿಲಿಗೆ ಹಿಗ್ಗಲು ಮೇಲಿನ ಜಾಗ ಬೇಕು.

ಒಲೆ ಹಚ್ಚಿದಾಗ ಒಳಗೆ ದ್ರವ ಕುದಿಯುತ್ತದೆ. ಅಣುಗಳು ಸೆಳೆತ ಬಿಡಿಸಿಕೊಳ್ಳಲು ಬೇಕಾದ ಶಾಖವನ್ನು ಉಳಿದ ದ್ರವದಿಂದ ಮತ್ತು ಸಿಲಿಂಡರಿನ ಗೋಡೆಯಿಂದ ಪಡೆಯುತ್ತವೆ, ಕೆ.ಜಿ.ಗೆ ಸುಮಾರು 360 ಕಿಲೋಜೌಲ್. ಗಂಟೆಗೆ ಒಂದು ಕೆ.ಜಿ. ಉರಿಸುವ ದೊಡ್ಡ ಬರ್ನರ್ ಸಿಲಿಂಡರಿನಿಂದ ಎಡೆಬಿಡದೆ 100 ವ್ಯಾಟಿನಷ್ಟು ಶಾಖ ಹೀರುತ್ತಿರುತ್ತದೆ. ಸುತ್ತಲ ಗಾಳಿ ಅಷ್ಟು ಬೇಗ ಶಾಖ ಕೊಡಲಾರದು. ಮೊದಲು ಸಿಲಿಂಡರಿನ ಕೆಳಭಾಗ ಬೆವರುತ್ತದೆ, ಆಮೇಲೆ ದ್ರವ ಇರುವ ಮಟ್ಟದವರೆಗೆ ಬಿಳಿ ಮಂಜು ಕಟ್ಟುತ್ತದೆ. ತಣ್ಣಗಾದ ದ್ರವದ ಆವಿ ಒತ್ತಡ ಇಳಿದು ಉರಿ ಸಣ್ಣದಾಗುತ್ತದೆ. ಸಿಲಿಂಡರಿನಲ್ಲಿ ಅನಿಲವಿದ್ದರೂ ಮುಗಿಯಿತೆಂದು ಕಾಣುತ್ತದೆ.

ಇದಕ್ಕೆ ಸರಿಯಾದ ಪರಿಹಾರ ಎರಡು ಮೂರು ಸಿಲಿಂಡರುಗಳನ್ನು ಒಂದೇ ಕೊಳವೆಗೆ ಜೋಡಿಸಿ ಹೊರೆ ಹಂಚುವುದು. ಅದನ್ನು ಪರವಾನಗಿ ಇದ್ದವರಿಂದಲೇ ಮಾಡಿಸಬೇಕು. ಸಿಲಿಂಡರನ್ನು ಮಲಗಿಸುವುದು, ಬುಡಕ್ಕೆ ಬೆಂಕಿ ಇಡುವುದು, ಕುದಿಯುವ ನೀರಿನಲ್ಲಿ ನಿಲ್ಲಿಸುವುದು, ಈ ಮೂರೂ ಜೀವಕ್ಕೆ ಅಪಾಯ. ಮಲಗಿಸಿದರೆ ರೆಗ್ಯುಲೇಟರಿಗೆ ಆವಿಯ ಬದಲು ದ್ರವವೇ ನುಗ್ಗುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗಿ ಹಬ್ಬುತ್ತದೆ.

ಸಿಲಿಂಡರ್ ಮುಗಿಯುತ್ತ ಬಂದಂತೆ ವಾಸನೆ ಹೆಚ್ಚುವುದೇಕೆ?

ಎಲ್‌ಪಿಜಿಗೆ ತನ್ನದೇ ವಾಸನೆ ಬಹುತೇಕ ಇಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಅದರ ಕುದಿಬಿಂದು 35. ಪ್ರೊಪೇನ್, ಬ್ಯೂಟೇನ್‌ಗಳು ಮೊದಲು ಜಾಗ ಖಾಲಿ ಮಾಡುತ್ತವೆ, ಮರ್ಕ್ಯಾಪ್ಟನ್ ದ್ರವದಲ್ಲಿ ಹಿಂದುಳಿದು ಕೊನೆಕೊನೆಗೆ ದಟ್ಟವಾಗುತ್ತದೆ. ಹಾಗೆಂದು ವಾಸನೆ ಬಂದಾಗ ಸುಮ್ಮನಿರಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ ಮುಟ್ಟದೆ, ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಮೀಥೇನನ್ನೂ ಹೀಗೆಯೇ ಒತ್ತಿ ಸಿಲಿಂಡರಿನಲ್ಲಿ ದ್ರವ ಮಾಡಬಾರದೇಕೆ?

ಎಷ್ಟು ಒತ್ತಿದರೂ ಆಗುವುದಿಲ್ಲ. ಮೀಥೇನ್ ಅಣುಗಳ ಸೆಳೆತ ಎಷ್ಟು ಕ್ಷೀಣವೆಂದರೆ −82.6ಕ್ಕಿಂತ ಮೇಲಿನ ತಾಪದಲ್ಲಿ ಯಾವ ಒತ್ತಡವೂ ಅದನ್ನು ದ್ರವವಾಗಿಸಲಾರದು. ಇದು ಅದರ ಸಂದಿಗ್ಧ ತಾಪ. ಪ್ರೊಪೇನಿನ ಸಂದಿಗ್ಧ ತಾಪ ಸುಮಾರು 97, ಬ್ಯೂಟೇನಿನದು 152. ಅದಕ್ಕೇ ಅವು ನಮ್ಮ ಹವೆಯಲ್ಲಿ ಒತ್ತಡಕ್ಕೆ ಮಣಿಯುತ್ತವೆ. ಆಟೊರಿಕ್ಷಾದ ಸಿಎನ್‌ಜಿ (ಒತ್ತಿ ತುಂಬಿದ ನೈಸರ್ಗಿಕ ಅನಿಲ, ಬಹುಪಾಲು ಮೀಥೇನ್) 200 ವಾಯುಮಂಡಲದಷ್ಟು ಒತ್ತಡದಲ್ಲೂ ಅನಿಲವೇ. ಹಡಗಿನಲ್ಲಿ ಬರುವ ಎಲ್‌ಎನ್‌ಜಿಯನ್ನು (ದ್ರವ ನೈಸರ್ಗಿಕ ಅನಿಲ) −162ರ ಹತ್ತಿರಕ್ಕೆ ತಣಿಸಿ ದ್ರವ ಮಾಡಿರುತ್ತಾರೆ. ಕೊಚ್ಚಿಯಲ್ಲಿ ಅದನ್ನು ಮತ್ತೆ ಬೆಚ್ಚಗಾಗಿಸಿ ಅನಿಲವಾಗಿ ಕೊಳವೆಗೆ ಬಿಡುತ್ತಾರೆ. 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆಮಾರ್ಗದಲ್ಲಿ ಹರಿಯುವುದು ಆ ಅನಿಲವೇ.

ಪೆಟ್ರೋಲಿನ ಕುದಿಬಿಂದು ಎಷ್ಟು?

ಅದಕ್ಕೆ ಒಂದೇ ಬಿಂದು ಇಲ್ಲ. ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣವಾದ್ದರಿಂದ ಸುಮಾರು 30ರಿಂದ 200ರವರೆಗೆ ಹಂತಹಂತವಾಗಿ ಕುದಿಯುತ್ತದೆ.

ಮಂಗಳೂರಿನ ಸಂಸ್ಕರಣಾಗಾರದಂತಹ ಕಡೆ ಕಚ್ಚಾ ತೈಲವನ್ನೆಲ್ಲ ಒಂದೇ ಗೋಪುರದಲ್ಲಿ ಕುದಿಸಿ ಬೇರ್ಪಡಿಸಬಹುದಲ್ಲ?

ಅರ್ಧದವರೆಗೆ ಬಹುದು. ಕುಲುಮೆಯಲ್ಲಿ ಸುಮಾರು 350–370ಕ್ಕೆ ಕಾಯಿಸಿದ ಕಚ್ಚಾ ತೈಲ ಗೋಪುರದ ಕೆಳಭಾಗಕ್ಕೆ ನುಗ್ಗುತ್ತದೆ. ಮೇಲೆ ಹೋದಂತೆ ಗೋಪುರ ತಂಪು. ಸೆಳೆತ ಕಡಿಮೆಯಿರುವ ಸಣ್ಣ ಅಣುಗಳು ತುದಿಯವರೆಗೆ ಆವಿಯಾಗಿಯೇ ಹೋಗುತ್ತವೆ, ದೊಡ್ಡವು ದಾರಿಯಲ್ಲೇ ದ್ರವವಾಗಿ ತಟ್ಟೆಗಳ ಮೇಲೆ ಇಳಿಯುತ್ತವೆ. ತುದಿಯಲ್ಲಿ ಅನಿಲ ಮತ್ತು ನಾಫ್ತಾ (ಪೆಟ್ರೋಲಿಗೆ ಬಳಸುವ ಹಗುರ ದ್ರವ), ಕೆಳಗೆ ಸೀಮೆಎಣ್ಣೆ ಮತ್ತು ವಿಮಾನ ಇಂಧನ, ಇನ್ನೂ ಕೆಳಗೆ ಡೀಸೆಲ್.

ತಳದಲ್ಲಿ ಉಳಿದ ಕಪ್ಪು ದ್ರವವನ್ನು ಇನ್ನಷ್ಟು ಕಾಯಿಸಿದರೆ ಆಗುವುದೇ ಬೇರೆ. ಮೊದಲ ಪ್ರಶ್ನೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಒಂದು ಕಾರ್ಬನ್ನಿಗೆ ಮೂರೇ ಕಿಲೋಜೌಲಿನ ಸೆಳೆತ, ನಲವತ್ತು–ಐವತ್ತು ಕಾರ್ಬನ್ ಕೂಡಿದಾಗ ನೂರು ದಾಟುತ್ತದೆ. ಅಣು ಬಿಡಿಸಿಕೊಳ್ಳಲು ಬೇಕಾದ ತಾಪ, ಅದರ ಬೆನ್ನೆಲುಬೇ ಮುರಿಯತೊಡಗುವ ತಾಪವನ್ನು ಮುಟ್ಟುತ್ತದೆ. ತೈಲ ಕುದಿಯುವ ಬದಲು ಒಡೆದು, ಇದ್ದಿಲಾಗಿ ಕುಲುಮೆಯ ಕೊಳವೆಗಳೊಳಗೆ ಕಚ್ಚಿಕೊಳ್ಳುತ್ತದೆ. ಅದಕ್ಕಾಗಿ ಉಳಿಕೆಯನ್ನು ಎರಡನೆಯ ಗೋಪುರಕ್ಕೆ ಕಳಿಸಿ ಗಾಳಿ ಎಳೆದು ಒತ್ತಡ ತಗ್ಗಿಸುತ್ತಾರೆ. ಒತ್ತಡ ತಗ್ಗಿದರೆ ಕುದಿಯುವ ತಾಪವೂ ನೂರು ಡಿಗ್ರಿಗೂ ಹೆಚ್ಚು ತಗ್ಗುತ್ತದೆ. ಅಲ್ಲಿಯೂ ಆವಿಯಾಗದೆ ಉಳಿದದ್ದರಿಂದ ರಸ್ತೆಯ ಡಾಂಬರು ತಯಾರಾಗುತ್ತದೆ.

ಹಾಗಾದರೆ ಪಾಲಿಥೀನ್ ಚೀಲದ ಕುದಿಬಿಂದು?

ಇಲ್ಲವೇ ಇಲ್ಲ. ಪಾಲಿಥೀನ್ ಸಾವಿರಾರು ಕಾರ್ಬನ್‌ಗಳ ಆಲ್ಕೇನ್ ಸರಪಳಿ. 110 ಡಿಗ್ರಿಯ ಸುಮಾರಿಗೆ ಮೆತ್ತಗಾಗಿ ಕರಗುತ್ತದೆ, ಏಕೆಂದರೆ ಅಷ್ಟಕ್ಕೆ ಅಣುಗಳು ಜಾರಿದರೆ ಸಾಕು. ಪೂರಾ ಬಿಡಿಸಿಕೊಂಡು ಆವಿಯಾಗಲು ಬೇಕಾದ ಶಕ್ತಿಯ ಸಣ್ಣ ಪಾಲಿನಲ್ಲೇ ಕಾರ್ಬನ್–ಕಾರ್ಬನ್ ಬಂಧ ಮುರಿಯುತ್ತದೆ. ಗಾಳಿ ಇಲ್ಲದೆ 400 ಡಿಗ್ರಿ ದಾಟಿಸಿದಾಗ ಹೊರಬರುವ ಆವಿ ಪಾಲಿಥೀನಿನದಲ್ಲ, ಅದರ ತುಂಡುಗಳದು.